ತಮ್ಮನಿಗೆ ಏನು ಕೆಲಸ?

ಓದುಗ ಸೋದರಿಯರೇ, ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಕೆಲಸದಲ್ಲಿದ್ದಾರೆಯೇ? ಹೆಸರು ಹೇಳಿದರೆ ಕೇಳಿದವರಿಗೆ ತಿಳಿಯದ್ದು, ಬಿಡಿಸಿ ಹೇಳೋಣವೆಂದರೆ ನಮಗೇ ಬಾರದ್ದು, ಬಂದರೂ ಹೇಳಬಾರದ್ದು? ಇದ್ದರೆ ನನ್ನ ಪಾಡು ನಿಮಗೆ ಥಟ್ಟನೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಒಲೆಯ ಉರಿ ಸಣ್ಣ ಮಾಡಿ ಬಂದು ಸ್ವಲ್ಪ ಕೂತು ಕೇಳಿ.

ನಮ್ಮದು ಸೂರಗೊಂಡನಕೊಪ್ಪ. ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಈಗ ನ್ಯಾಮತಿ ತಾಲ್ಲೂಕು. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಇಲ್ಲಿ ಹುಟ್ಟಿದರೆಂದು ನಾವು ಬಂಜಾರರು ನಂಬಿಕೊಂಡು ಬಂದಿದ್ದೇವೆ. ಭಾಯಾಗಡ್ ಎಂದೂ ಕರೆಯುತ್ತೇವೆ. ಆದ್ದರಿಂದ ಪ್ರತಿ ಫೆಬ್ರವರಿಯಲ್ಲಿ ಮಾಲೆ ಹಾಕಿಕೊಂಡು ನಡೆದು ಬರುವವರೇನು, ಹೊರರಾಜ್ಯಗಳಿಂದ ಗಾಡಿ ಮಾಡಿಕೊಂಡು ಬರುವವರೇನು, ಊರು ತುಂಬಿ ತುಳುಕುತ್ತದೆ. ಊರಿನವರಾದ ತಪ್ಪಿಗೆ ನಮ್ಮ ಮನೆಯಲ್ಲೂ ಇಪ್ಪತ್ತು ಇಪ್ಪತ್ತೈದು ಎಲೆ ಬೀಳುತ್ತವೆ. ಜೋಳದ ರೊಟ್ಟಿ ತಟ್ಟೀ ತಟ್ಟೀ ಅಂಗೈ ಕೆಂಪಾಗಿರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಬಾಗಿಲಿಗೆ ಒರಗಿ ಕೂತು ಕೇಳಿಯೇ ಕೇಳುತ್ತಾರೆ.

“ನಿನ್ನ ತಮ್ಮ ಬೆಂಗಳೂರಾಗೆ ಏನ್ ಕೆಲಸ ಮಾಡ್ತಾನೆ?”

ಮೊದಮೊದಲು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. “ಸೆಕ್ಯುರಿಟಿ ಆರ್ಕಿಟೆಕ್ಟ್. ಡಿಫೆನ್ಸ್ ಕಡೆಗೆ. ಕಾಂಟ್ರಾಕ್ಟ್ ಮೇಲೆ.”

ಜಗಳೂರಿನ ಕಡೆಯ ಅತ್ತೆಗೆ ಕಿವಿಗೆ ಬಿದ್ದದ್ದು ‘ಸೆಕ್ಯುರಿಟಿ’ ಒಂದೇ. ಬಾಯಿಗೆ ಸೆರಗು ಹಿಡಿದುಕೊಂಡರು. “ಅಯ್ಯೋ ಪಾಪ, ಅಷ್ಟು ಓದಿ ಗೇಟ್ ಕಾಯೋಕ್ ಹೋದ್ನಾ? ನನ್ನ ಮಗನೂ ಅದೇ ಕೆಲಸ. ರಾತ್ರಿ ಪಾಳಿಗೆ ಊಟ ಕೊಡ್ತಾರಂತೆ. ನಿಮ್ಮವನಿಗೆ ಕೊಡ್ತಾರಾ?” ಚನ್ನಗಿರಿಯ ಮಾವ ‘ಆರ್ಕಿಟೆಕ್ಟ್’ ಹಿಡಿದುಕೊಂಡರು. ಅವರದೊಂದು ಮೂವತ್ತು ನಲವತ್ತರ ಸೈಟಿದೆ. ಪ್ಲಾನು ಬರೆಸಿಕೊಡು, ಅಡಿಗೆಮನೆ ಆಗ್ನೇಯಕ್ಕೇ ಬರಬೇಕು ಎಂದು ಎರಡು ವರ್ಷ ಬೆನ್ನುಬಿದ್ದಿದ್ದರು. ಇನ್ನೊಬ್ಬರು ‘ಕಾಂಟ್ರಾಕ್ಟ್’ ಎಂದ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಂಡು, ಜಲ್ಲಿ ಸಪ್ಲೈ ನಮಗೇ ಕೊಡಿಸು ಎಂದರು.

ನಗಬೇಡಿ. ನನಗೂ ಆಗ ಅಷ್ಟೇ ತಿಳಿದಿದ್ದು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು, ಕಂಕುಳಲ್ಲಿ ಎತ್ತಿ ಬೆಳೆಸಿದ್ದೇನೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮಾಡಿದ, ಬೆಂಗಳೂರಿಗೆ ಹೋದ, ಕಂಪ್ಯೂಟರಿನದೇನೋ ಕೆಲಸ ಎಂದಿದ್ದ. ಒಂದು ದಿನ ಹಿಡಿದು ಕೂಡಿಸಿಕೊಂಡು ಕೇಳಿದೆ. “ನೋಡಪ್ಪಾ, ಎಲ್ಲಿ, ಯಾರಿಗೆ ಅಂತ ಹೇಳಬೇಡ. ಏನು ಮಾಡ್ತೀಯ ಅಂತಾದ್ರೂ ಹೇಳು. ಜನಕ್ಕೆ ಉತ್ತರ ಕೊಡೋಳು ನಾನು.”

ಅವನು ಸ್ವಲ್ಪ ಹೊತ್ತು ಯೋಚಿಸಿ, “ಚಿಕ್ಕಪ್ಪನ ಮಗಳ ಮದುವೇಲಿ ಉಗ್ರಾಣ ನೋಡ್ಕೊಂಡವಳು ಯಾರು?” ಎಂದ.

ನಾನೇ. ಆ ಮದುವೆಯ ಹಿಂದಿನ ವರ್ಷ ಇನ್ನೊಂದು ಮದುವೆಯಲ್ಲಿ ಹದಿನೈದು ಕೇಜಿ ತುಪ್ಪದ ಡಬ್ಬವೇ ಮಾಯವಾಗಿತ್ತು. ಅದಕ್ಕೆ ನಾನು ಕಟ್ಟುನಿಟ್ಟು ಮಾಡಿದ್ದೆ. ಬೀಗದ ಕೈ ನನ್ನ ಸೊಂಟದಲ್ಲಿ, ಆದರೆ ಲೆಕ್ಕದ ಪುಸ್ತಕ ನನ್ನ ಕೈಯಲ್ಲಲ್ಲ, ನಾದಿನಿಯ ಕೈಯಲ್ಲಿ. ಭಟ್ಟರು ಎಷ್ಟು ಕೇಳುತ್ತಾರೋ ಅಷ್ಟೇ ಅಳೆದು ಹೊರಗೆ ಕೊಡುವುದು, ಅವರೂ ಒಳಗೆ ಕಾಲಿಡುವಂತಿಲ್ಲ. ಮದುಮಗಳ ತಂದೆಯೇ ಬಂದರೂ ಹೆಸರು, ಹೊತ್ತು ಬರೆದುಕೊಂಡೇ ಒಳಗೆ ಬಿಡುವುದು. ಗಂಡಿನ ಸೋದರಮಾವ ವೀಳ್ಯದೆಲೆ ಕಟ್ಟು ತರಲು ತಾನೇ ಒಳನುಗ್ಗಿದಾಗ ನಾನು ಅಡ್ಡ ನಿಂತದ್ದು, ಅವರು ಮುಖ ಊದಿಸಿಕೊಂಡು ಊಟಕ್ಕೇ ಕೂರದಿದ್ದದ್ದು ನಮ್ಮಲ್ಲಿ ಇಂದಿಗೂ ಕತೆ.

“ನನ್ನದೂ ಅದೇ ಕೆಲಸ ಅಕ್ಕಾ,” ಎಂದ. “ತುಪ್ಪ ಬೆಲ್ಲದ ಬದಲು ನಕ್ಷೆ, ಲೆಕ್ಕ, ಪತ್ರ. ಎಲ್ಲಾ ಕಂಪ್ಯೂಟರಿನಾಗೆ. ಯಾವ ಕೋಣೆಗೆ ಯಾರು ಹೋಗಬಹುದು, ಯಾರು ನೋಡಬಹುದು ಆದ್ರೆ ತಿದ್ದಬಾರದು, ಕೈ ಯಾರ ಹತ್ರ, ಪುಸ್ತಕ ಯಾರ ಹತ್ರ, ಇದನ್ನೆಲ್ಲ ಕಟ್ಟೋಕ್ ಮುಂಚೆ ಯೋಚಿಸಿ ಬರೆದು ಕೊಡೋದು. ಕಳ್ಳನ್ನ ಹಿಡಿಯೋರು ಬೇರೆ. ಬಾಗಿಲು ಎಲ್ಲಿಡಬೇಕು, ಎಷ್ಟಿಡಬೇಕು ಅನ್ನೋದು ನಾನು.”

ಅಂದರೆ ಚನ್ನಗಿರಿಯ ಮಾವ ಅಷ್ಟೇನೂ ತಪ್ಪಿರಲಿಲ್ಲ ನೋಡಿ. ಪ್ಲಾನು ಬರೆಯುವವನೇ!

ಆಮೇಲೆ ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಎರಡು ಅಡಿಗೆಮನೆಯ ಮಾತು. ದೇವರ ನೈವೇದ್ಯದ ಅಡಿಗೆಗೂ ದಿನದ ಅಡಿಗೆಗೂ ಪಾತ್ರೆ, ಸೌಟು, ನೀರು ಬೇರೆ ಬೇರೆ ಇಡುತ್ತೇವಲ್ಲ, ಹಾಗೆ ಗುಟ್ಟಿನ ಕೆಲಸ ನಡೆಯುವ ಕಂಪ್ಯೂಟರುಗಳಿಗೂ ಇಂಟರ್ನೆಟ್ಟಿಗೆ ತಗುಲಿಕೊಂಡ ಆಫೀಸಿನ ಕಂಪ್ಯೂಟರುಗಳಿಗೂ ನಡುವೆ ಒಂದೇ ಒಂದು ತಂತಿಯೂ ಇರಬಾರದಂತೆ. 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದಲ್ಲಿ ಒಂದು ಕಂಪ್ಯೂಟರಿಗೆ ಹೊರಗಿನಿಂದ ಕೆಟ್ಟ ತಂತ್ರಾಂಶ ಸೇರಿಕೊಂಡಿತ್ತು. ಅದು ಆಡಳಿತದ ಕಡೆಯದು, ಸ್ಥಾವರ ನಡೆಸುವ ಒಳಗಿನ ಜಾಲದಿಂದ ಪೂರಾ ಬೇರೆಯಾಗಿತ್ತು, ಆದ್ದರಿಂದ ಸ್ಥಾವರಕ್ಕೆ ಏನೂ ಆಗಲಿಲ್ಲ ಎಂದು ಅವರೇ ಆ ಅಕ್ಟೋಬರ್ 30ರಂದು ಒಪ್ಪಿ ಹೇಳಿಕೆ ಕೊಟ್ಟರು. “ಯಾರೋ ಒಬ್ಬ ನಮ್ಮಂಥವನು ಎಷ್ಟೋ ವರ್ಷದ ಹಿಂದೆ ನಡುವೆ ಗೋಡೆ ಹಾಕಿದ್ದ. ಅವನ ಹೆಸರು ಯಾರಿಗೂ ಗೊತ್ತಿಲ್ಲ,” ಎಂದು ತಮ್ಮ ಹೇಳುವಾಗ ಅವನ ದನಿಯಲ್ಲಿ ಇದ್ದದ್ದು ಹೆಮ್ಮೆಯೋ ಬೇಸರವೋ ನನಗೆ ತಿಳಿಯಲಿಲ್ಲ.

“ಹಂಗಾದ್ರೆ ಗೋಡೆ ಹಾಕಿದ್ರೆ ಮುಗೀತಲ್ಲ?” ಎಂದೆ.

“ಎಲ್ಲಿ ಮುಗೀತು? ಮನುಷ್ಯನ ಜೇಬು ಐತಲ್ಲ!” ಎಂದ. ಇರಾನ್ ದೇಶದಲ್ಲಿ ನಟಾಂಜ್ ಎಂಬಲ್ಲಿ ಯುರೇನಿಯಂ ಶುದ್ಧಿ ಮಾಡುವ ಕಾರ್ಖಾನೆಯಿದೆಯಂತೆ. ಹೊರಗಿನ ತಂತಿ ಒಂದೂ ಇಲ್ಲದ ಜಾಗ. ಅಲ್ಲಿನ ಯಂತ್ರಗಳನ್ನೂ ಕೆಡಿಸಿದ ಸ್ಟಕ್ಸ್‌ನೆಟ್ ಎಂಬ ಪೀಡೆ 2010ರಲ್ಲಿ ಬೆಳಕಿಗೆ ಬಂತು. ಅದು ಹರಡುತ್ತಿದ್ದದ್ದು ಪೆನ್‌ಡ್ರೈವಿನ ಮೂಲಕ, ನಮ್ಮ ಮಕ್ಕಳು ಸಿನಿಮಾ ಹಾಡು ತುಂಬಿಕೊಂಡು ಬರುತ್ತಿದ್ದರಲ್ಲ ಅಂಥದ್ದರಲ್ಲಿ. ಎರಡು ಅಡಿಗೆಮನೆ ಬೇರೆ ಮಾಡಿದರೂ ಸೌಟು ಹಿಡಿದ ಕೈ ಒಂದೇ ಆದರೆ ಏನು ಬಂತು ಹೇಳಿ.

ಇನ್ನು ಆ ಮೂರನೆಯ ಮಾತು, ಕಾಂಟ್ರಾಕ್ಟ್. ಇದನ್ನು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಡಿಫೆನ್ಸ್ ಎಂದರೆ ಸರ್ಕಾರಿ ಕೆಲಸ, ಪಿಂಚಣಿ, ಕ್ವಾರ್ಟರ್ಸು ಎಂದೇ ನಮ್ಮ ಹಿರಿಯರ ಲೆಕ್ಕ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ 1940ರಲ್ಲಿ ಶುರುವಾಯಿತು, ಜಾಲಹಳ್ಳಿಯ ಬಿಇಎಲ್ 1954ರಲ್ಲಿ. ಅಲ್ಲಿ ಸೇರಿದವರು ಸೈಕಲ್ಲಿನಲ್ಲಿ ಹೋಗಿ ರಿಟೈರಾಗುವ ಹೊತ್ತಿಗೆ ಒಂದು ಮನೆ ಕಟ್ಟಿಸಿಕೊಂಡಿರುತ್ತಿದ್ದರು. 2001ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳಿಗೂ ರಕ್ಷಣಾ ಸಾಮಗ್ರಿ ತಯಾರಿಸಲು ಬಾಗಿಲು ತೆರೆಯಿತು. 2014ರಲ್ಲಿ ಲೈಸೆನ್ಸ್ ಪಡೆದ ಅಂಥ ಕಂಪನಿಗಳು ಹೇಗೆ ಗುಟ್ಟು ಕಾಪಾಡಬೇಕು, ಕಂಪ್ಯೂಟರು ಹೇಗಿಡಬೇಕು, ಯಾರನ್ನು ಒಳಗೆ ಬಿಡಬೇಕು ಎಂದು ಒಂದು ಭದ್ರತಾ ಕೈಪಿಡಿಯನ್ನೇ ಹೊರಡಿಸಿತು. ಕೈಪಿಡಿಯಲ್ಲಿದ್ದಂತೆ ಮಾಡಿಕೊಡಲು ಜನ ಬೇಕಲ್ಲ? ಅವರನ್ನು ಖಾಯಂ ಇಟ್ಟುಕೊಳ್ಳುವುದು ದುಬಾರಿ. ಹೀಗೆ ಹುಟ್ಟಿದ ಕೆಲಸ ನನ್ನ ತಮ್ಮನದು. ದೊಡ್ಡವರು ಒಂದು ಕಂಪನಿಗೆ ಕೊಡುತ್ತಾರೆ, ಅದು ಇನ್ನೊಂದಕ್ಕೆ, ಅದು ಆಳು ಒದಗಿಸುವ ಏಜೆನ್ಸಿಗೆ, ಆ ಏಜೆನ್ಸಿ ನನ್ನ ತಮ್ಮನಿಗೆ. ನಮ್ಮ ಕಡೆಯ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಮೇಸ್ತ್ರಿ ಇರುತ್ತಾನಲ್ಲ, ಥೇಟ್ ಹಾಗೆ. ಕೂಲಿ ಮಾತ್ರ ಜಾಸ್ತಿ, ಸುಳ್ಳೇಕೆ ಹೇಳಲಿ. ಆ ಸಂಬಳದಲ್ಲೇ ನಮ್ಮ ಸೂರು ಆರ್‌ಸಿಸಿ ಆದದ್ದು.

ಆದರೆ ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಅವನ ಮುಖ ಬಾಡುತ್ತದೆ. ಮುಂದುವರಿಸುತ್ತಾರೋ ಇಲ್ಲವೋ! ಇನ್ನೊಂದು ತಮಾಷೆ ಕೇಳಿ. ಯಾವ ಬಾಗಿಲಿಂದ ಯಾರು ಹೋಗಬೇಕೆಂದು ಬರೆದುಕೊಟ್ಟವನು ಇವನು. ಆದರೆ ಇವನ ಪಾಸಿನ ಬಣ್ಣ ಬೇರೆ, ಕಾಂಟ್ರಾಕ್ಟಿನವರದು. ಫೋನು ಗೇಟಿನಲ್ಲಿ ಕೊಟ್ಟು ಹೋಗಬೇಕು. ಕೆಲವು ಕಡೆ ಜೊತೆಗೊಬ್ಬ ಖಾಯಂ ನೌಕರನಿಲ್ಲದೆ ಹೆಜ್ಜೆಯಿಡುವಂತಿಲ್ಲ, ಕಕ್ಕಸಿಗೆ ಹೋದರೂ ಅವನು ಹೊರಗೆ ಕಾಯುತ್ತಾನಂತೆ. “ನಿನಗೆ ಅವಮಾನ ಅನ್ಸಲ್ವಾ?” ಎಂದು ಕೇಳಿದೆ. “ಆ ನಿಯಮ ಬರೆದೋನೂ ನಾನೇ ಅಕ್ಕಾ. ನನಗೇ ರಿಯಾಯ್ತಿ ಕೊಟ್ಕೊಳ್ಳಾಕ್ ಆಗುತ್ತಾ?” ಎಂದ. ನನಗೆ ಉಗ್ರಾಣದಲ್ಲಿ ನನ್ನ ಹೆಸರನ್ನೂ ನಾದಿನಿಯ ಪುಸ್ತಕದಲ್ಲಿ ಬರೆಸುತ್ತಿದ್ದದ್ದು ನೆನಪಾಯಿತು.

ಸೇರುವಾಗ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಧಿಕೃತ ರಹಸ್ಯಗಳ ಕಾಯ್ದೆ ಎಂಬುದೊಂದು 1923ರಷ್ಟು ಹಳೆಯದು, ಇಂಗ್ಲಿಷರು ಮಾಡಿದ್ದು, ಈಗಲೂ ಜಾರಿಯಲ್ಲಿದೆ. ರಕ್ಷಣೆಯ ಗುಟ್ಟು ಶತ್ರುವಿಗೆ ಮುಟ್ಟಿಸಿದರೆ ಹದಿನಾಲ್ಕು ವರ್ಷದವರೆಗೆ ಜೈಲು. ಕಾಂಟ್ರಾಕ್ಟ್ ಮುಗಿದ ದಿನ ಸಂಬಳ ನಿಲ್ಲುತ್ತದೆ, ಪಾಸು ವಾಪಸು ಇಸಿದುಕೊಳ್ಳುತ್ತಾರೆ, ಊಟದ ಕಾರ್ಡೂ ವಾಪಸು. ಬಾಯಿಗೆ ಹಾಕಿದ ಬೀಗ ಮಾತ್ರ ತೆಗೆಯುವುದಿಲ್ಲ. ಅದು ಸಾಯುವ ತನಕ. ನಮ್ಮ ಯಾಡಿಗೆ (ನಮ್ಮ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುತ್ತೇವೆ) ಇದು ಎಷ್ಟು ಹೇಳಿದರೂ ಒಪ್ಪಿಗೆಯಾಗದು. “ಅನ್ನ ಹಾಕೋದು ಹನ್ನೊಂದು ತಿಂಗಳು, ಋಣ ಜನ್ಮ ಪೂರ್ತೀನಾ? ಇದ್ಯಾವ ನ್ಯಾಯ?”

ಯಾಡಿಗೆ ಸಮಾಧಾನ ಹೇಳಲು ತಮ್ಮ ನಮ್ಮ ಹಿರಿಯರ ಕತೆ ತೆಗೆಯುತ್ತಾನೆ. ಬಂಜಾರರು ಎತ್ತಿನ ಮೇಲೆ ಹೇರು ಹಾಕಿಕೊಂಡು ಉಪ್ಪು, ದವಸ ಸಾಗಿಸುತ್ತಿದ್ದವರು, ನಾವು ಲದೇಣಿ ಎನ್ನುತ್ತೇವೆ. ಸಂತೆಗೆ ಮಾತ್ರವಲ್ಲ, ದಂಡಿಗೂ ನಮ್ಮವರೇ ಆಹಾರ ಮುಟ್ಟಿಸುತ್ತಿದ್ದರು. ಮೊಘಲರ ಕಾಲದಿಂದ ಬಂದದ್ದು ಅದು. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ದವಸವಿಲ್ಲದೆ ಹಿಂದಿರುಗಿದ. ಮುಂದಿನ ಸಲ ಅವನ ದಂಡಿಗೆ ಧಾನ್ಯ ಹೊತ್ತವರನ್ನು ಇಂಗ್ಲಿಷರು ತಮ್ಮ ಬರಹಗಳಲ್ಲಿ ಬ್ರಿಂಜಾರಿಗಳು ಎಂದು ಬರೆದಿದ್ದಾರೆ. ಕೂಲಿ ಕೊಟ್ಟವರಿಗೆ ಧಾನ್ಯ. ಅವರು ಯಾವ ರಾಜನ ನೌಕರರೂ ಅಲ್ಲ, ಹೇರಿಗೆ ಇಷ್ಟು ಎಂದು ಮಾತಾದವರು. ಎರಡೂ ಕಡೆಯ ದಂಡಿನವರು ಅವರ ಎತ್ತುಗಳ ಸಾಲಿಗೆ ಕೈಹಚ್ಚದೆ ದಾರಿ ಬಿಡುತ್ತಿದ್ದರು ಎಂದು ಓದಿದ್ದೇನೆ. ಎಷ್ಟು ಧಾನ್ಯ ಯಾವ ಕಡೆ ಹೋಯಿತು ಎಂಬುದಕ್ಕಿಂತ ದೊಡ್ಡ ಗುಟ್ಟು ಯುದ್ಧದಲ್ಲಿ ಇನ್ನೇನಿದೆ? ಈ ಕಡೆಯದನ್ನು ಆ ಕಡೆ ಬಾಯಿಬಿಟ್ಟಿದ್ದರೆ ದಾರಿ ಬಿಡುತ್ತಿದ್ದರೇ? “ನಾವು ಮುನ್ನೂರು ವರ್ಷದಿಂದ ಡಿಫೆನ್ಸ್ ಕಾಂಟ್ರಾಕ್ಟ್ ಮಾಡ್ತಾ ಇರೋರು ಯಾಡಿ!” ಎಂದು ತಮ್ಮ ನಗುತ್ತಾನೆ.

ಆದರೆ ಯಾಡಿ ನಗುವುದಿಲ್ಲ. ಕತೆಯ ಇನ್ನರ್ಧ ಅವಳಿಗೆ ಗೊತ್ತು. ರಸ್ತೆ ಬಂತು, ರೈಲು ಬಂತು, ಹೇರೆತ್ತುಗಳಿಗೆ ಕೆಲಸ ತಪ್ಪಿತು. ಊರೂರು ತಿರುಗುವವರೆಂದು ಸರ್ಕಾರಕ್ಕೆ ಅನುಮಾನ ಬಂತು. 1871ರಲ್ಲಿ ಇಂಗ್ಲಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂದು ಮಾಡಿ ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಪಟ್ಟಿ ಬರೆದರು. ಕೆಲವು ಸೀಮೆಗಳಲ್ಲಿ ನಮ್ಮವರನ್ನೂ ಆ ಪಟ್ಟಿಗೆ ಸೇರಿಸಿದರು. ಸ್ವಾತಂತ್ರ್ಯ ಬಂದು 1952ರಲ್ಲಿ ಆ ಕಾಯ್ದೆ ಹೋಯಿತು. ಕಾಯ್ದೆ ಹೋದರೂ ಹೆದರಿಕೆ ಹೋಗಲು ಇನ್ನೊಂದು ತಲೆಮಾರು ಬೇಕಲ್ಲವೇ? ತಮ್ಮನ ಪಾಸಿಗೆಂದು ಮೊದಲ ಸಲ ಪೊಲೀಸ್ ವೆರಿಫಿಕೇಶನ್ ಬಂದ ದಿನ ಯಾಡಿ ಖಾಕಿ ಕಂಡವಳೇ ಹಿತ್ತಲಿಗೆ ಹೋಗಿ ಮೆಕ್ಕೆಜೋಳದ ತೆನೆಯ ರಾಶಿಯ ಹಿಂದೆ ಕೂತುಬಿಟ್ಟಳು. ಬಂದವರು ಒಳ್ಳೆಯವರೇ, ಎರಡು ಪ್ರಶ್ನೆ ಕೇಳಿ ಸಹಿ ಹಾಕಿಸಿಕೊಂಡು ಹೋದರು. ತಾಂಡಾದಲ್ಲಿ ಮಾತ್ರ ಎಂಟು ದಿನ ಅದೇ ಮಾತು. “ಬೆಂಗಳೂರಾಗೆ ಏನೋ ಮಾಡ್ಕೊಂಡಿರಬೇಕು ಹುಡುಗ.” ಯಾರಿಗೆಂದು ಬಿಡಿಸಿ ಹೇಳುವುದು? ಪೊಲೀಸರು ಬಂದದ್ದು ನಮ್ಮವನು ನಂಬಿಕಸ್ಥ ಎಂದು ಬರೆದುಕೊಳ್ಳಲು ಎಂದರೆ ನಂಬುವವರು ಯಾರು?

ಇಷ್ಟು ಪೀಠಿಕೆ ಹಾಕಿದ್ದು ಯಾಕೆಂದರೆ ಈಗ ನನ್ನ ತಪ್ಪು ಹೇಳಬೇಕು.

2023ರ ಅಕ್ಟೋಬರ್. ಮಧ್ಯಾಹ್ನ. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದೆ, ಫೋನು ಬಂತು. ಒಬ್ಬ ಗಂಡಸು, ಮರ್ಯಾದೆಯ ದನಿ. ತಮ್ಮನ ಪೂರ್ತಿ ಹೆಸರು ಹೇಳಿ, “ಅಮ್ಮಾ, ವೆರಿಫಿಕೇಶನ್ ವಿಭಾಗದಿಂದ. ಅವರ ಪಾಸ್ ರಿನ್ಯೂವಲ್‌ಗೆ ಬಂದಿದೆ. ಇವತ್ತೇ ಮುಗಿಸದಿದ್ದರೆ ನಿಂತುಹೋಗುತ್ತೆ,” ಎಂದ. ಮೊದಲು ಪೊಲೀಸರು ಬಂದಿದ್ದಾಗ ಊರೆಲ್ಲ ಮಾತಾಗಿತ್ತಲ್ಲ, ಸದ್ಯ ಈ ಸಲ ಫೋನಿನಲ್ಲೇ ಮುಗಿಯುತ್ತದೆ ಎಂದು ನನಗೆ ಸಂತೋಷವೇ ಆಯಿತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಯಾವ ಕಂಪನಿಯ ಮೂಲಕ, ಯಾವ ದಿನ ಹೊರಗೆ ಹೋಗುತ್ತಾನೆ, ಯಾವ ಊರಿಗೆ, ಇನ್ನೊಂದು ನಂಬರು ಯಾವುದು. ಊರಿಗೆ ಬಂದಾಗ ಲ್ಯಾಪ್‌ಟಾಪ್ ತರುತ್ತಾನೋ ಎಂದೂ ಕೇಳಿದ. ಇಲ್ಲ ಎಂದೆ. ಆಮೇಲೆ, “ಹಳೇ ಪಾಸ್ ಮನೇಲಿದ್ರೆ ಒಂದು ಫೋಟೋ ಕಳಿಸಿ,” ಎಂದ. ಅದು ವಾಪಸು ಕೊಡುವಂಥದ್ದು, ಮನೆಯಲ್ಲಿರಲಿಲ್ಲ, ದೇವರು ದೊಡ್ಡವನು. ಇದ್ದಿದ್ದರೆ ಅದನ್ನೂ ಕಳಿಸಿಯೇ ಬಿಡುತ್ತಿದ್ದೆ. ಅದರ ಬದಲು ಪಾಸು ಕುತ್ತಿಗೆಗೆ ಹಾಕಿಕೊಂಡು ಅವನು ಯಾವಾಗಲೋ ತೆಗೆಸಿಕೊಂಡಿದ್ದ ಒಂದು ಫೋಟೋ ಕಳಿಸಿದೆ.

ರಾತ್ರಿ ತಮ್ಮನಿಗೆ ಫೋನು ಮಾಡಿ, “ನಿನ್ನ ಕೆಲಸ ನಾನೇ ಮುಗಿಸಿಕೊಟ್ಟೆ ನೋಡು,” ಎಂದೆ.

ಆ ಕಡೆ ಮಾತೇ ಇಲ್ಲ. ಲೈನು ಹೋಯಿತೇನೋ ಎಂದುಕೊಂಡೆ. ಆಮೇಲೆ ನಿಧಾನವಾಗಿ ಒಂದೊಂದೇ ಕೇಳಿದ. ಎಷ್ಟು ಹೊತ್ತಿಗೆ ಬಂತು, ನಂಬರು ಯಾವುದು, ಅವನು ಕೇಳಿದ್ದೇನು, ನಾನು ಹೇಳಿದ್ದೇನು, ಒಂದಕ್ಷರ ಬಿಡದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೊನೆಗೆ, “ನಾಳೆ ಬೆಳಿಗ್ಗೆ ಇದನ್ನ ಬರೆದು ಕೊಡ್ತೀನಿ ಅಕ್ಕಾ,” ಎಂದ.

“ಯಾರಿಗೆ?”

“ಆಫೀಸಿಗೆ. ಹೊರಗಿನೋರು ಯಾರೇ ವಿಚಾರಿಸಿದ್ರೂ, ಮನೆಯೋರ್ನ ವಿಚಾರಿಸಿದ್ರೂ ತಿಳಿಸಬೇಕು.”

ಸೋದರಿಯರೇ, ನಾನು ಆಗ ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಬೇಡ ಎಂದು ಅತ್ತೆ. ಯಾರಿಗೂ ಗೊತ್ತಿಲ್ಲ, ನಾನೂ ನೀನೂ ಸುಮ್ಮನಿದ್ದರೆ ಮುಗಿಯಿತು, ಕಾಂಟ್ರಾಕ್ಟ್ ಮಾರ್ಚಿಗೆ ಮುಗಿಯುತ್ತದೆ, ಈಗ ಇದನ್ನು ಬರೆದುಕೊಟ್ಟರೆ ಮುಂದುವರಿಸುತ್ತಾರೆಯೇ, ನಿನಗೆ ಹೆಂಡತಿಯಿದ್ದಾಳೆ, ಚಿಕ್ಕ ಕೂಸಿದೆ, ಮನೆ ಸಾಲವಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಯಾಡಿಯ ಆಣೆಯನ್ನೂ ಹಾಕಿದೆ.

ಅವನು ಕೇಳಿಸಿಕೊಂಡು, “ಅಕ್ಕಾ, ಕಂಪ್ಯೂಟರಿನಾಗೆ ಯಾರಾದ್ರೂ ಹೊಕ್ಕರೆ ಆರು ಗಂಟೆಯೊಳಗೆ ತಿಳಿಸಬೇಕು ಅಂತ 2022ರಿಂದ ಸರ್ಕಾರದ ಆಜ್ಞೆ ಐತೆ. ಯಂತ್ರಕ್ಕೆ ಒಂದು ನ್ಯಾಯ, ನಮ್ಮ ಮನೆಗೆ ಒಂದು ನ್ಯಾಯ ಅಂತ ಮಾಡಿದ್ರೆ ನಾನು ಬರೆದಿದ್ದೆಲ್ಲ ಸುಳ್ಳಾಗುತ್ತೆ,” ಎಂದ. ಮರುದಿನ ಬರೆದುಕೊಟ್ಟ. ನನ್ನ ಹೆಸರು, ನನ್ನ ನಂಬರು ಹಾಕಿ.

ಅದಾದ ಮೇಲೆ ನನ್ನ ಮನಸ್ಸಿನ ಸ್ಥಿತಿ ಕೇಳಬೇಡಿ. ಅನ್ನ ಇಳಿಯದು. ಫೋನು ಬಡಿದರೆ ಎದೆ ಬಡಿಯುವುದು. ತಮ್ಮನೇ ಸಮಾಧಾನ ಮಾಡುತ್ತಿದ್ದ. ಈಗಲೂ ಅವನಿಗೆ ಅದೇ ಅಭ್ಯಾಸ. 2025ರಲ್ಲಿ ಎಚ್‌ಎಎಲ್‌ನ ಕಾನ್ಪುರ ವಿಭಾಗಕ್ಕೆ ಯಾರೋ ವ್ಯಾಪಾರಸ್ಥರ ಈಮೇಲ್ ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬಿಟ್ಟು ಬರೆದು ಮೋಸ ಮಾಡಿ ಸುಮಾರು 55 ಲಕ್ಷ ರೂಪಾಯಿ ತಮ್ಮ ಖಾತೆಗೆ ಹಾಕಿಸಿಕೊಂಡರೆಂದು ಪತ್ರಿಕೆಯಲ್ಲಿ ಬಂದಾಗ, ಕತ್ತರಿಸಿ ತಂದು ತೋರಿಸಿದ. “ನೋಡು, ಅಷ್ಟು ದೊಡ್ಡೋರೇ ಒಂದಕ್ಷರಕ್ಕೆ ಬಿದ್ದರು. ನೀನು ಎಷ್ಟರವಳು?”

ನಿಜ ಹೇಳಬೇಕೆಂದರೆ ನನಗೆ ಬುದ್ಧಿ ಬಂದದ್ದು ಅದಕ್ಕೂ ಸ್ವಲ್ಪ ಮುಂಚೆ ಓದಿದ ಇನ್ನೊಂದು ಸುದ್ದಿಯಿಂದ. ಅದೇ ವರ್ಷ ಫೆಬ್ರವರಿಯಲ್ಲಿ, ನಮ್ಮ ಜಾತ್ರೆ ಮುಗಿದು ಒಂದು ವಾರವೂ ಆಗಿರಲಿಲ್ಲ, ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟರೆಂಬ ಆರೋಪದ ಮೇಲೆ ಎನ್‌ಐಎಯವರು ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿದರು. ಅಲ್ಲಿ ಗುತ್ತಿಗೆ ಕೆಲಸ ಮಾಡಿದ್ದವರು ಎಂದು ಬರೆದಿತ್ತು. ಫೇಸ್‌ಬುಕ್ಕಿನಲ್ಲಿ ಹೆಣ್ಣಿನ ಹೆಸರಿನಲ್ಲಿ ಸ್ನೇಹ ಬೆಳೆಸಿ, ತಿಂಗಳಿಗೆ ಇಷ್ಟು ಎಂದು ಸಣ್ಣ ಹಣ ಹಾಕಿ, ಫೋಟೋ ತರಿಸಿಕೊಂಡರಂತೆ. ಆರೋಪ ನಿಜವೋ ಅಲ್ಲವೋ ನ್ಯಾಯಾಲಯ ನೋಡಿಕೊಳ್ಳಲಿ. ನನಗೆ ಕಂಡದ್ದು ಬೇರೆ. ಗುಟ್ಟು ಕದಿಯುವವರು ಮೊದಲು ಬರುವುದು ಬೀಗದ ಹತ್ತಿರಕ್ಕಲ್ಲ. ಮರ್ಯಾದೆಯಾಗಿ ಮಾತಾಡಿಸುವವರಿಗಾಗಿ ಹಂಬಲಿಸುತ್ತಿರುವ ಯಾರಾದರೊಬ್ಬರ ಹತ್ತಿರಕ್ಕೆ ಬರುತ್ತಾರೆ. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಅಂಥವರಲ್ಲಿ ಒಬ್ಬಳು. ನಮ್ಮನ್ನು ‘ಅಮ್ಮಾ’ ಎಂದು ಕರೆದು ಐದು ನಿಮಿಷ ನಮ್ಮ ಮಾತು ಗಮನವಿಟ್ಟು ಕೇಳುವವರು ಯಾರಿದ್ದಾರೆ ಹೇಳಿ?

ಕಾಂಟ್ರಾಕ್ಟ್ 2024ರ ಮಾರ್ಚಿಗೆ ಮುಗಿಯಿತು. ಮುಂದುವರಿಸಲಿಲ್ಲ. ಬಜೆಟ್ ಇಲ್ಲ ಎಂದರಂತೆ. ನಿಜವಾಗಿಯೂ ಬಜೆಟ್ ಇರಲಿಲ್ಲವೋ, ಬೇರೆ ಏನಾದರೂ ಇತ್ತೋ. ತಮ್ಮನನ್ನು ಕೇಳಿದರೆ, “ನನ್ನ ಜೊತೆ ಇನ್ನೂ ಮೂವರದ್ದು ನಿಲ್ಲಿಸಿದರು,” ಎನ್ನುತ್ತಾನೆ. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳುವ ಮಾತೋ. ಅವನು ಗುಟ್ಟು ಇಟ್ಟುಕೊಳ್ಳುವುದರಲ್ಲಿ ಪಳಗಿದವನು.

ನಾಲ್ಕು ತಿಂಗಳು ಕೆಲಸವಿಲ್ಲ. ಬೇರೆ ಕಂಪನಿಗೆ ಹೋದರೆ, “ಹಿಂದಿನ ಕಡೆ ಏನೇನು ಮಾಡಿದಿರಿ ವಿವರವಾಗಿ ಹೇಳಿ,” ಎಂದು ಕೇಳುತ್ತಾರಂತೆ. ಇವನು ಹೇಳುವಂತಿಲ್ಲ. ಅಡಿಗೆಗೆ ಸೇರಲು ಹೋದ ಭಟ್ಟರು, ನಾನು ಮಾಡಿದ ಅಡಿಗೆಯ ಹೆಸರು ಹೇಳಲಾರೆ ಎಂದರೆ ಯಾರು ಸೇರಿಸಿಕೊಳ್ಳುತ್ತಾರೆ! ಜೂನಿನಲ್ಲಿ ಊರಿಗೆ ಬಂದ. ನಮ್ಮವರ ಜೊತೆ ಹೊಲಕ್ಕೆ ಹೋದ, ಮೆಕ್ಕೆಜೋಳ ಬಿತ್ತಿಸಿದ. ರಜೆ ಹಾಕಿದ್ದಾನೆ ಎಂದು ಊರವರಿಗೆ ಹೇಳಿದೆವು. ಒಂದು ಸಂಜೆ ಅವನು ಕಟ್ಟೆಯ ಮೇಲೆ ಕೂತು ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತಿದ್ದ. ನಾನು ಎಣ್ಣೆ ತಂದು ಹಚ್ಚುತ್ತಾ, “ನನ್ನಿಂದ ಆಯ್ತಲ್ಲಪ್ಪಾ,” ಎಂದೆ. ಅವನು ಕೈ ಎಳೆದುಕೊಳ್ಳಲಿಲ್ಲ. “ನಿನಗೆ ನಾನು ಮೊದಲೇ ಹೇಳಿಕೊಡಬೇಕಿತ್ತು. ಎಲ್ಲರಿಗೂ ಬಾಗಿಲು ಬರೆದುಕೊಟ್ಟೆ, ನಮ್ಮ ಮನೆ ಬಾಗಿಲು ಬರೀಲಿಲ್ಲ,” ಎಂದ.

ಆಗಸ್ಟಿನಲ್ಲಿ ಬೇರೆ ಕಡೆ ಸಿಕ್ಕಿತು. ಮತ್ತೆ ಹನ್ನೊಂದು ತಿಂಗಳು, ಮತ್ತೆ ಬೇರೆ ಬಣ್ಣದ ಪಾಸು. ಈಗ ಅಲ್ಲೇ ಎರಡನೇ ಸಲ ಮುಂದುವರಿದಿದೆ. ಎಲ್ಲಿ ಎಂದು ಬರೆಯುವುದಿಲ್ಲ. ಈ ಲೇಖನವನ್ನೂ ಅಂಚೆಗೆ ಹಾಕುವ ಮೊದಲು ಅವನಿಗೆ ಓದಿಸಿದ್ದೇನೆ, ಮೂರು ಸಾಲು ಹೊಡೆದುಹಾಕಿದ. ಅವು ಚೆನ್ನಾಗಿದ್ದವು, ನನಗೆ ಇನ್ನೂ ಬೇಸರವಿದೆ.

ಈಗ ನಮ್ಮ ಮನೆಗೂ ಪದ್ಧತಿ ಬಂದಿದೆ. ಫೋನಿನಲ್ಲಿ ಯಾರೇ ತಮ್ಮನನ್ನು ವಿಚಾರಿಸಲಿ, “ಅವನನ್ನೇ ಕೇಳಿ,” ಎಂದು ಇಡುವುದು. ಇಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಹೊತ್ತು ಮತ್ತು ನಂಬರು ಬರೆಯುವುದು. ಅವನು ಪಾಸು ಹಾಕಿಕೊಂಡ ಫೋಟೋ ಯಾರ ಫೋನಿನಲ್ಲೂ ಇಲ್ಲ, ಮದುವೆಯ ಆಲ್ಬಮ್ಮಿಗೆ ಅಂಟಿಸಿದ್ದನ್ನೂ ಕಿತ್ತೆವು. ಯಾಡಿಗೂ ಹೇಳಿಕೊಟ್ಟಿದ್ದೇನೆ. ಅವಳಂತೂ ಫೋನು ಬಂದರೆ, “ನನಗೆ ಕನ್ನಡ ಬರಾಕಿಲ್ಲ,” ಎಂದು ಚೊಕ್ಕ ಕನ್ನಡದಲ್ಲಿ ಹೇಳಿ ಇಟ್ಟುಬಿಡುತ್ತಾಳೆ.

ಕಳೆದ ಸಲ ಮತ್ತೆ ವೆರಿಫಿಕೇಶನ್ ಬಂತು. ಮೊದಲು ಫೋನು. “ಸ್ಟೇಶನ್ನಿಂದ ಮಾತಾಡ್ತಿರೋದು, ನಿಮ್ಮ ತಮ್ಮನ ಬಗ್ಗೆ ಸ್ವಲ್ಪ ವಿವರ ಬೇಕಿತ್ತು.” ನಾನು, “ಕಾಗದ ತಗೊಂಡು ಮನೆಗೆ ಬನ್ನಿ ಸಾರ್, ಬಾಗಿಲಲ್ಲಿ ನಿಂತು ಮಾತಾಡೋಣ,” ಎಂದೆ. ಆ ಕಡೆಯವರಿಗೆ ಸ್ವಲ್ಪ ಸಿಟ್ಟೇ ಬಂತು. ಆದರೂ ಮರುದಿನ ಬಿಸಿಲಲ್ಲಿ ಬೈಕಿನಲ್ಲಿ ಬಂದರು, ಕಾಗದ ತೋರಿಸಿದರು, ಗುರುತಿನ ಚೀಟಿಯನ್ನೂ ಕೇಳಿ ನೋಡಿದೆ. ಯಾಡಿ ಈ ಸಲ ಹಿತ್ತಲಿಗೆ ಹೋಗಲಿಲ್ಲ, ಕಟ್ಟೆಯ ಮೇಲೆ ಕೂತಿದ್ದಳು. ಚಹಾ ಕೊಟ್ಟೆ. ಕುಡಿದು ಲೋಟ ಕೆಳಗಿಡುತ್ತಾ ಅವರು ಸುಮ್ಮನೆ ಲೋಕಾಭಿರಾಮಕ್ಕೆಂಬಂತೆ ಕೇಳಿದರು.

“ಅದಿರಲಿ ಅಮ್ಮಾ, ನಿಮ್ಮ ತಮ್ಮ ಮಾಡೋ ಕೆಲಸ ಏನು?”

ನಾನು ಬಾಯಿ ತೆರೆಯುವ ಮೊದಲೇ ಯಾಡಿ ಹೇಳಿಬಿಟ್ಟಳು.

“ಗೇಟ್ ಕಾಯ್ತಾನೆ ಸಾಮಿ. ರಾತ್ರಿ ಪಾಳಿ.”